ಮೈನಸ್ ಬಂದಿತ್ತು

ಜುಲೈ ತಿಂಗಳು. ಮಳೆಗೆ ಲೋಕಲ್ ಟ್ರೈನ್ ನಿಂತಿತ್ತು. ಕಾಲೇಜಿಗೆ ಹೋಗಲಾಗದೆ ಮುಂಬೈನ ಮಾಟುಂಗಾದ ಅತ್ತೆ ಮನೆಯಲ್ಲೇ ಲ್ಯಾಪ್‌ಟಾಪ್ ಹಿಡಿದು ಕೂತೆ.

ಲಿವರ್ ಕ್ಯಾನ್ಸರ್‌ನಲ್ಲಿ ರಕ್ತನಾಳ ಬೆಳೆಸುವ ಜೀನ್‌ಗಳನ್ನು ಕಂಪ್ಯೂಟರ್‌ನಲ್ಲಿ ಹುಡುಕುವುದು ನನ್ನ ಎಂ.ಎಸ್ಸಿ. ಪ್ರಾಜೆಕ್ಟ್. ಗಡ್ಡೆ ಬೆಳೆಯಬೇಕಾದರೆ ಅದಕ್ಕೂ ರಕ್ತ ಬೇಕು ಅಲ್ವಾ? ಲಿವರ್‌ಗೆ ಮುಕ್ಕಾಲು ಪಾಲು ರಕ್ತ ಕರುಳಿನ ಕಡೆಯ ಪೋರ್ಟಲ್ ವೇನ್ ಎಂಬ ನಾಳದಿಂದ ಬರುತ್ತದೆ. ಗಡ್ಡೆ ಮಾತ್ರ ಹೆಚ್ಚಾಗಿ ಹೆಪಾಟಿಕ್ ಆರ್ಟರಿ ಎಂಬ ಇನ್ನೊಂದು ನಾಳದಿಂದ ಎಳೆದುಕೊಳ್ಳುತ್ತದೆ, ಹೊಸ ನಾಳಗಳನ್ನೂ ಬೆಳೆಸಿಕೊಳ್ಳುತ್ತದೆ. ಮಾವ ನುಂಗುತ್ತಿದ್ದ ಸೊರಾಫೆನಿಬ್ ಇದನ್ನು ತಡೆಯುವ ಮಾತ್ರೆ. ಅದರಿಂದ ಅವರ ಅಂಗೈ ಸಿಪ್ಪೆ ಎದ್ದಿತ್ತು. ಬಿಸಿ ಕಾಫಿಯ ಸ್ಟೀಲ್ ಲೋಟವನ್ನು ಪಂಚೆಯ ಅಂಚಿನಲ್ಲಿ ಸುತ್ತಿ ಹಿಡಿಯುತ್ತಿದ್ದರು. 2016ರಲ್ಲಿ ಹೋಗಿಬಿಟ್ಟರು.

ಡೇಟಾ ಅಮೆರಿಕದ ಟಿಸಿಜಿಎ ಎಂಬ ಕ್ಯಾನ್ಸರ್ ಜೀನ್ ಸಂಗ್ರಹದ್ದು. ಸುಮಾರು 370 ಗಡ್ಡೆ ಸ್ಯಾಂಪಲ್, ಪಕ್ಕದ ಚೆನ್ನಾಗಿರುವ ಭಾಗದ್ದು 50. ಯಾವ ಜೀನ್ ಎಲ್ಲಿ ಜಾಸ್ತಿ ಕೆಲಸ ಮಾಡುತ್ತಿದೆ ಎಂದು ಲೆಕ್ಕ ಹಾಕಿದೆ. ಪಿಎಲ್‌ವಿಎಪಿ ಎಂಬ ಜೀನ್ ಮುಂದೆ ಮೈನಸ್ ಬಂತು, ಅಂದರೆ ಗಡ್ಡೆಯಲ್ಲಿ ಕಡಿಮೆ. ಇಎಸ್‌ಎಂ1 ಮುಂದೆಯೂ ಮೈನಸ್. ಎದೆ ಧಸಕ್ಕೆಂದಿತು. ಎರಡೂ ಗಡ್ಡೆಯ ನಾಳಗಳಲ್ಲಿ ಏರುವ ಜೀನ್‌ಗಳು, ಇಳಿಯಲು ಹೇಗೆ ಸಾಧ್ಯ?

ಎರಡು ಗಂಟೆ ಹುಡುಕಿದೆ. ಡೇಟಾದಲ್ಲಿ ತಪ್ಪಿರಲಿಲ್ಲ. ನಾನು ಗುಂಪುಗಳಿಗೆ ಕ್ಯಾನ್ಸರ್, ನಾರ್ಮಲ್ ಎಂದು ಇಂಗ್ಲಿಷಿನಲ್ಲಿ ಹೆಸರಿಟ್ಟಿದ್ದೆ. ನಾವು ಹೇಳದಿದ್ದರೆ, ಲೆಕ್ಕ ಹಾಕುವ ‘ಆರ್’ ಎಂಬ ಪ್ರೋಗ್ರಾಂ ಅಕ್ಷರಕ್ರಮದಲ್ಲಿ ಮೊದಲು ಬರುವುದನ್ನೇ ಹೋಲಿಕೆಯ ತಳ ಎಂದು ಹಿಡಿಯುತ್ತದೆ. ಎನ್‌ಗಿಂತ ಸಿ ಮೊದಲು. ಕ್ಯಾನ್ಸರೇ ತಳವಾಗಿ ಲೆಕ್ಕವೆಲ್ಲ ತಿರುಗಿತ್ತು. ಒಂದು ಸಾಲು ಬದಲಿಸಿ ಮತ್ತೆ ಓಡಿಸಿದೆ. ಎರಡೂ ಪ್ಲಸ್!

ಇಷ್ಟಕ್ಕೇ ಇವೇ ನಾಳ ಬೆಳೆಸಿದವು ಅನ್ನಲಾಗದು. ನಾಳ ಜಾಸ್ತಿಯಾದರೆ ನಾಳದ ಗೋಡೆಯ ಜೀನ್ ಕೂಡ ಜಾಸ್ತಿ ಕಾಣುತ್ತದೆ. ಅದನ್ನು ಲ್ಯಾಬ್‌ನಲ್ಲೇ ನೋಡಬೇಕು.

ಊಟಕ್ಕೆ ಕೂತಾಗ ಅತ್ತೆ ಕೇಳಿದರು, “ಇದು ಮೊದಲೇ ಗೊತ್ತಿದ್ದಿದ್ರೆ ಅವರಿಗೆ ಬೇರೆ ಔಷಧಿ ಸಿಗ್ತಿತ್ತಾ?”

“ಇದು ಬರೀ ಪಟ್ಟಿ ಅತ್ತೆ, ಔಷಧಿ ಅಲ್ಲ. ಪಟ್ಟಿಯಿಂದ ಔಷಧಿವರೆಗೆ ವರ್ಷಗಟ್ಟಲೆ ಕೆಲಸ ಇದೆ” ಎಂದೆ. ನಾಳ ತಡೆಯುವ ಬೆವಾಸಿಜುಮಾಬ್‌ಗೆ ಇನ್ನೊಂದು ಔಷಧಿ ಸೇರಿಸಿ ಲಿವರ್ ಕ್ಯಾನ್ಸರ್‌ಗೆ ಕೊಡಲು ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದೇ 2020ರಲ್ಲಿ. ಅದನ್ನು ಹೇಳಲು ಬಾಯಿ ಬರಲಿಲ್ಲ.

ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಸಾರು ಬಡಿಸುತ್ತಾ, “ಆ ಜೀನ್ ಹೆಸರು ಇನ್ನೊಂದ್ಸಲ ಹೇಳು” ಅಂದರು.

ಪಿಎಲ್‌ವಿಎಪಿ ಎಂದೆ, ನಿಧಾನವಾಗಿ.