ಸ್ಪಿಟ್‌ಫೈರ್‌ನ ಒಂದು ತೂತು, ನಮ್ಮ ಹಿತ್ತಾಳೆ ಬುಷ್

ಪೀಣ್ಯದ ಒಂದು ಮಷಿನ್ ಶಾಪ್‌ನಲ್ಲಿ ನಾನು ಮೇಂಟೆನೆನ್ಸ್ ನೋಡಿಕೊಳ್ಳುತ್ತೇನೆ. ಕಳೆದ ವರ್ಷ ಡ್ರಿಲ್ಲಿಂಗ್ ಮಷಿನ್‌ನಲ್ಲಿ ಪೀಸನ್ನು ಒತ್ತಿ ಹಿಡಿಯುವ ಹೈಡ್ರಾಲಿಕ್ ಕ್ಲ್ಯಾಂಪ್ ರಪ್ಪನೆ ಬಂದು ಅದರ ಮೇಲೆ ಬಡಿಯತೊಡಗಿತು. ಅಲ್ಯೂಮಿನಿಯಂ ಅಲ್ವಾ, ಗುರುತು ಬಿದ್ದು ಪೀಸುಗಳೆಲ್ಲ ರಿಜೆಕ್ಟ್. ಎಣ್ಣೆಯ ಹರಿವನ್ನು ಹಿಡಿತದಲ್ಲಿಡುವ ಫ್ಲೋ ಕಂಟ್ರೋಲ್ ವಾಲ್ವ್ ಕೆಟ್ಟುಹೋಗಿತ್ತು, ಹೊಸದು ಬರಲು ಹತ್ತು ವಾರ.

"ಅಲ್ಲಿವರೆಗೂ ಲೈನಲ್ಲಿ ಸಣ್ಣ ತೂತಿನ ಬುಷ್ ಹಾಕೋಣ ಸಾರ್" ಅಂದರು ನಮ್ಮ ಹಿರಿಯ ಫಿಟ್ಟರ್. ಬುಷ್ ಅಂದರೆ ನಡುವೆ ತೂತಿರುವ ಲೋಹದ ತುಂಡು, ಎಣ್ಣೆಯ ಓಟವನ್ನು ತಡೆಯಲು. ತೇಪೆ ಕೆಲಸ ಬೇಡ ಎಂದುಬಿಟ್ಟೆ.

ಆ ರಾತ್ರಿ ಬಸ್ಸಿನಲ್ಲಿ ಸ್ಪಿಟ್‌ಫೈರ್ ನೆನಪಾಯಿತು. ವಿಮಾನದ ಹುಚ್ಚು ನನಗೆ ಚಿಕ್ಕಂದಿನಿಂದ. 1940ರಲ್ಲಿ ಬ್ರಿಟನ್ನನ್ನು ಕಾಪಾಡಿದ ಆ ಒಂಟಿ ಸೀಟಿನ ವಿಮಾನದ ಮೆರ್ಲಿನ್ ಎಂಜಿನ್‌ಗೆ ಇದ್ದದ್ದು ಫ್ಲೋಟ್ ಕಾರ್ಬುರೇಟರ್ (ಚೇಂಬರ್‌ನಲ್ಲಿ ತೇಲುವ ಫ್ಲೋಟ್ ಪೆಟ್ರೋಲ್ ಮಟ್ಟ ಕಾಯುವಂಥದ್ದು), ನಮ್ಮ ಹಳೇ ಬೈಕುಗಳ ಥರವೇ. ಪೈಲಟ್ ಮೂತಿಯನ್ನು ಗಕ್ಕನೆ ಕೆಳಗೆ ತಳ್ಳಿದರೆ ಪೆಟ್ರೋಲ್ ಚೇಂಬರ್‌ನ ಮೇಲಕ್ಕೆ ಹಾರಿ ಎಂಜಿನ್ ಮಿಸ್ಸಿಂಗ್ ಹೊಡೆಯುತ್ತಿತ್ತು. ಆಮೇಲೆ ಪೆಟ್ರೋಲ್ ಒಳಗೆ ಬಿಡುವ ನೀಡಲ್ ವಾಲ್ವ್ ಪೂರ್ತಿ ತೆರೆದುಕೊಂಡು, ಪಂಪ್ ಕೊಟ್ಟದ್ದೆಲ್ಲ ಒಳಗೆ ನುಗ್ಗಿ, ಓವರ್‌ಫ್ಲೋ ಆಗಿ ಆಫ್ ಆಗಿಬಿಡುತ್ತಿತ್ತು. ಎದುರಿನ ಜರ್ಮನ್ ವಿಮಾನ ಮೆಸರ್‌ಶ್ಮಿಟ್ 109ಕ್ಕೆ ಫ್ಯುಯೆಲ್ ಇಂಜೆಕ್ಷನ್, ಅಂದರೆ ಪಂಪೇ ನೇರ ಸಿಲಿಂಡರ್‌ಗೆ ಪೆಟ್ರೋಲ್ ಚಿಮ್ಮಿಸುತ್ತಿತ್ತು. ಅದು ಸಲೀಸಾಗಿ ಧುಮುಕಿ ತಪ್ಪಿಸಿಕೊಳ್ಳುತ್ತಿತ್ತು.

ಬ್ರಿಟನ್ನಿನ ಫಾರ್ನ್‌ಬರೋದಲ್ಲಿದ್ದ ವಿಮಾನ ಸಂಶೋಧನಾ ಕೇಂದ್ರದ ಎಂಜಿನಿಯರ್ ಬಿಯಾಟ್ರಿಸ್ ಶಿಲ್ಲಿಂಗ್ ಹೊಸ ಕಾರ್ಬುರೇಟರ್ ಬರಲಿ ಎಂದು ಕೂರಲಿಲ್ಲ. ಪೆಟ್ರೋಲ್ ಲೈನಿಗೆ ತೂತಿರುವ ಒಂದು ಸಣ್ಣ ಲೋಹದ ತುಂಡು ಹಾಕಿದರು, ಅಷ್ಟೇ. ಆದರೆ ಆ ತೂತು ಸುಮ್ನೆ ಅಂದಾಜಿಗೆ ಕೊರೆದದ್ದಲ್ಲ. ಫುಲ್ ಪವರ್‌ನಲ್ಲಿ ಎಂಜಿನ್ ಎಷ್ಟು ಕುಡಿಯುತ್ತದೋ ಅಷ್ಟೇ ಹೋಗಬೇಕು, ಜಾಸ್ತಿಯೂ ಅಲ್ಲ, ಕಮ್ಮಿಯೂ ಅಲ್ಲ. ವಿಮಾನವನ್ನು ಡ್ಯೂಟಿಯಿಂದ ತೆಗೆಯದೆಯೇ ಹಾಕಬಹುದಿತ್ತು. ಸಣ್ಣ ತಂಡ ಕಟ್ಟಿಕೊಂಡು ಏರ್‌ಫೀಲ್ಡ್‌ಗಳಿಗೆ ಅವರೇ ಹೋದರು. 1941ರ ಮಾರ್ಚ್ ಹೊತ್ತಿಗೆ ಬ್ರಿಟಿಷ್ ವಾಯುಪಡೆಯ ಫೈಟರ್ ವಿಮಾನಗಳ ವಿಭಾಗವಾದ ಫೈಟರ್ ಕಮಾಂಡ್ ಉದ್ದಕ್ಕೂ ಅದು ಬಂದಿತ್ತು. ತೊಂದರೆ ಪೂರ್ತಿ ಹೋಗಲಿಲ್ಲ, ತಲೆಕೆಳಗಾಗಿ ಬಹಳ ಹೊತ್ತು ಹಾರುವಂತಿರಲಿಲ್ಲ. ಅದಕ್ಕೆ ಪೆಟ್ರೋಲನ್ನು ಒತ್ತಡದಲ್ಲಿ ಕೊಡುವ ಪ್ರೆಶರ್ ಕಾರ್ಬುರೇಟರ್ ಬರಬೇಕಾಯಿತು.

ಮಾರನೇ ದಿನ ಫಿಟ್ಟರ್ ಹತ್ತಿರ ಹೋಗಿ, ನಿನ್ನೆ ನಾನು ಹೇಳಿದ್ದು ತಪ್ಪು ಎಂದೆ. ಅವರು ಆಗಲೇ ಲೇತ್‌ಗೆ ಹಿತ್ತಾಳೆ ರಾಡ್ ಕಟ್ಟುತ್ತಿದ್ದರು. 1 ಎಂಎಂ ತೂತಿಗೆ ಕ್ಲ್ಯಾಂಪ್ ತೆವಳಿತು. 2 ಎಂಎಂಗೆ ಮತ್ತೆ ಬಡಿಯಿತು. 1.5ಕ್ಕೆ ಮೆತ್ತಗೆ ಬಂದು ಕೂತಿತು, ಗೇಜ್‌ನಲ್ಲಿ ಕ್ಲ್ಯಾಂಪಿಂಗ್ ಪ್ರೆಶರ್ ಒಂದಿಷ್ಟೂ ಇಳಿದಿರಲಿಲ್ಲ. ಲೈನಿಗೆ 'ತಾತ್ಕಾಲಿಕ' ಅಂತ ತಾರೀಖು ಬರೆದು ಟ್ಯಾಗ್ ಕಟ್ಟಿದೆವು, ಪ್ರತಿ ಶನಿವಾರ ಗೇಜ್ ನೋಡಿ ಸಹಿ ಹಾಕಿದೆವು.

ಹನ್ನೊಂದನೇ ವಾರ ವಾಲ್ವ್ ಬಂತು. ಬುಷ್ ಬಿಚ್ಚಿ, ತೂತಿನ ಅಳತೆ ತೋರಿಸುವ ಪಿನ್ ಗೇಜ್ ಹಾಕಿ ನೋಡಿದೆ. ತೂತು ಸವೆದು 1.6 ಆಗಿತ್ತು.