ಲಾಂಗ್‌ಟಾಂಗ್ ದಾರಿಯಲ್ಲಿ ಪ್ರತಿ ಮನೆ ಮುಂದೆ ನಿಂತ ಗೈಡ್

ಮೊದಲ ದಿನವೇ ನನಗೆ ನಮ್ಮ ಗೈಡ್ ಮೇಲೆ ಬೇಸರ ಬಂದಿತ್ತು. ಹತ್ತು ನಿಮಿಷ ನಡೆದರೆ ಐದು ನಿಮಿಷ ಮಾತು. ಟೀ ಅಂಗಡಿ ಕಂಡರೆ ನಿಲ್ಲುತ್ತಿದ್ದರು, ಅಂಗಳದಲ್ಲಿ ಸೊಪ್ಪು ಬಿಡಿಸುತ್ತಾ ಕೂತ ಅಜ್ಜಿ ಕಂಡರೆ ನಿಲ್ಲುತ್ತಿದ್ದರು, ಎದುರಿನಿಂದ ಹೇಸರಗತ್ತೆ ಹೊಡೆದುಕೊಂಡು ಬರುವ ಹುಡುಗನನ್ನು ಕಂಡರೂ ನಿಂತು ಅವನ ಭುಜದ ಮೇಲೆ ಕೈಯಿಟ್ಟು ಏನೋ ವಿಚಾರಿಸುತ್ತಿದ್ದರು. ನಾವು ಮೂವರು ಗೆಳೆಯರು ಬೆನ್ನ ಮೇಲೆ ಬ್ಯಾಗ್ ಹೊತ್ತು ಸುಮ್ನೆ ಕಾಯಬೇಕು. ನನಗೋ ಬೇಗ ಮೇಲೆ ಹೋಗಬೇಕು, ಹಿಮದ ಬೆಟ್ಟ ನೋಡಬೇಕು. ಅದಕ್ಕೆ ತಾನೇ ಅಷ್ಟು ದೂರ ಬಂದದ್ದು.

ಇದು ನೇಪಾಳದ ಲಾಂಗ್‌ಟಾಂಗ್ ಕಣಿವೆ. ಕಾಠ್ಮಂಡುವಿನ ಉತ್ತರಕ್ಕೆ, ಟಿಬೆಟ್ ಗಡಿಗೆ ಹತ್ತಿರ, ರಸುವಾ ಜಿಲ್ಲೆಯಲ್ಲಿದೆ. ಎವರೆಸ್ಟ್ ಬೇಸ್ ಕ್ಯಾಂಪ್ ಕಡೆ ಹೋಗುವಷ್ಟು ಜನ ಇಲ್ಲಿಗೆ ಬರುವುದಿಲ್ಲ. ವಿಮಾನ ಹತ್ತುವ ಗೊಡವೆಯೂ ಇಲ್ಲ. ಕಾಠ್ಮಂಡುವಿನ ಮಾಛಾಪೋಖರಿಯಿಂದ ಬಸ್ಸೋ ಜೀಪೋ ಹಿಡಿದು ಏಳೆಂಟು ಗಂಟೆ ಕೂತರೆ ಸ್ಯಾಬ್ರುಬೆಸಿ, ನಡಿಗೆ ಶುರುವಾಗುವ ಊರು. ದೂರ ಹೇಳಿಕೊಳ್ಳುವಷ್ಟಿಲ್ಲ, ಆದರೆ ರಸ್ತೆ ಹಾಗಿದೆ. ತ್ರಿಶೂಲಿ ನದಿ ಕೆಳಗೆ ಎಲ್ಲೋ ದಾರದ ಹಾಗೆ ಕಾಣುತ್ತದೆ, ಜೀಪಿನ ಒಂದು ಚಕ್ರ ಅಂಚಿನಲ್ಲೇ ಉರುಳುತ್ತಿದೆಯೇನೋ ಅನ್ನಿಸುತ್ತದೆ. ಧುಂಚೆಯಲ್ಲಿ ಇಳಿಸಿ ಬ್ಯಾಗ್ ನೋಡುತ್ತಾರೆ, ರಾಷ್ಟ್ರೀಯ ಉದ್ಯಾನದ ಪರವಾನಗಿ ಕೇಳುತ್ತಾರೆ. ಭಾರತವೂ ಸೇರಿ ಸಾರ್ಕ್ ದೇಶದವರಿಗೆ 1,500 ನೇಪಾಳಿ ರೂಪಾಯಿ, ಬೇರೆ ದೇಶದವರಿಗೆ ಅದರ ಎರಡರಷ್ಟು. ಟಿಮ್ಸ್ ಅನ್ನುವ ಚಾರಣಿಗರ ನೋಂದಣಿ ಕಾರ್ಡ್ ಬೇರೆ ಬೇಕು. ವಿದೇಶಿಯರು ಗೈಡ್ ಇಲ್ಲದೆ ಒಬ್ಬರೇ ಇಂಥ ದಾರಿಗಳಲ್ಲಿ ನಡೆಯಬಾರದು ಅಂತ 2023ರ ಏಪ್ರಿಲ್ 1ರಿಂದ ನಿಯಮ ತಂದಿದ್ದಾರೆ. ಹಾಗಾಗಿಯೇ ನಾವು ಗೈಡ್ ತೆಗೆದುಕೊಂಡದ್ದು. ನಿಯಮ ಇಲ್ಲದಿದ್ದರೆ ಮ್ಯಾಪ್ ನೋಡಿಕೊಂಡು ನಾವೇ ಹೋಗಿಬಿಡುತ್ತಿದ್ದೆವು, ಅದು ನಿಜ.

ಗೈಡ್ ತಮಾಂಗ್ ಸಮುದಾಯದವರು, ಆ ಜಿಲ್ಲೆಯವರೇ. ವಯಸ್ಸು ನಲವತ್ತೈದರ ಮೇಲೆ. ನಾವು ದಾಯಿ ಅಂತ ಕರೆಯುತ್ತಿದ್ದೆವು, ಅಂದರೆ ಅಣ್ಣ. ಹಿಂದಿ ಚೆನ್ನಾಗಿ ಬರುತ್ತಿತ್ತು. ಜೊತೆಗೆ ಒಬ್ಬ ಪೋರ್ಟರ್ ಹುಡುಗ. ಹೊರಡುವ ಹಿಂದಿನ ರಾತ್ರಿ ದಾಯಿ ನಮ್ಮ ಸಾಮಾನು ತೂಗಿ ನೋಡಿ, ಜಾಸ್ತಿ ಇದ್ದದ್ದನ್ನೆಲ್ಲ ಹೊರಗೆ ತೆಗೆಸಿ ಲಾಡ್ಜ್‌ನಲ್ಲೇ ಇಡಿಸಿದರು. ಮೂರು ಜೀನ್ಸ್ ಪ್ಯಾಂಟ್ ಹೊರಬಂದವು. "ಇದನ್ನು ಹೊರುವುದು ನೀವಲ್ಲ, ಅವನು" ಅಂದರು. ಅಷ್ಟೇ ಹೇಳಿದ್ದು.

ಸ್ಯಾಬ್ರುಬೆಸಿ ಸುಮಾರು 1,500 ಮೀಟರ್ ಎತ್ತರದಲ್ಲಿದೆ. ಭೋಟೆ ಕೋಸಿ ಮತ್ತು ಲಾಂಗ್‌ಟಾಂಗ್ ಖೋಲಾ ಎರಡೂ ಇಲ್ಲಿ ಸೇರುತ್ತವೆ. ಖೋಲಾ ಅಂದರೆ ಹೊಳೆ. ಅಲ್ಲಿಂದ ಖೋಲಾದ ಪಕ್ಕದಲ್ಲೇ ಹತ್ತಬೇಕು. ಮೊದಲ ದಿನ ಪೂರ್ತಿ ಕಾಡು. ನೀರಿನ ಸದ್ದು ಎಷ್ಟು ಜೋರೆಂದರೆ ಪಕ್ಕದವರ ಜೊತೆ ಕೂಗಿ ಮಾತಾಡಬೇಕು. ಒಂದು ಕಡೆ ಹೊಳೆಯಾಚೆಯ ಕಡಿದಾದ ಬಂಡೆಗೆ ಹೆಜ್ಜೇನಿನ ದೊಡ್ಡ ದೊಡ್ಡ ಹುಟ್ಟುಗಳು ತೂಗುಬಿದ್ದಿದ್ದವು. ಹಗ್ಗದ ಏಣಿ ಇಳಿಬಿಟ್ಟು ಜೇನು ಕೀಳುತ್ತಾರಂತೆ. ಬ್ಯಾಂಬೂ ಅನ್ನುವ ಜಾಗದಲ್ಲಿ ಊಟ, ಲಾಮಾ ಹೋಟೆಲ್ ಅನ್ನುವ ಜಾಗದಲ್ಲಿ ರಾತ್ರಿ. ಅದು ಹೋಟೆಲ್ ಹೆಸರಲ್ಲ, ಊರಿನ ಹೆಸರೇ ಹಾಗಾಗಿಬಿಟ್ಟಿದೆ.

ಎರಡನೇ ದಿನ ಕಾಡಿನಲ್ಲಿ ಲಾಲಿಗುರಾಂಸ್ ಹೂವು. ನೇಪಾಳದ ರಾಷ್ಟ್ರೀಯ ಹೂವು ಅದು. ಏಪ್ರಿಲ್‌ನಲ್ಲಿ ಮರ ತುಂಬಾ ಕೆಂಪಗೆ ಅರಳಿರುತ್ತದೆ, ದಾರಿ ಮೇಲೂ ಉದುರಿರುತ್ತದೆ. ಘೋಡಾತಬೇಲಾ ಹತ್ತಿರ, ಸುಮಾರು 3,000 ಮೀಟರ್‌ನಲ್ಲಿ, ಕಾಡು ಮುಗಿದು ಕಣಿವೆ ಇದ್ದಕ್ಕಿದ್ದಂತೆ ಬಾಯಿ ತೆರೆಯುತ್ತದೆ. ಎದುರಿಗೆ ಹಿಮದ ಬೆಟ್ಟ. ಅಲ್ಲಿಂದ ಮುಂದೆ ಊರುಗಳು ಶುರು. ಕಲ್ಲಿನ ಮನೆ, ಕಲ್ಲಿನ ಬೇಲಿ, ಬಾರ್ಲಿ ಮತ್ತು ಆಲೂಗಡ್ಡೆ ಹೊಲ, ತೊರೆಯ ನೀರಿನಿಂದ ತಾನಾಗಿಯೇ ತಿರುಗುವ ಪ್ರಾರ್ಥನಾ ಚಕ್ರ. ಓಂ ಮಣಿ ಪದ್ಮೇ ಹೂಂ ಅಂತ ಕೆತ್ತಿದ ಕಲ್ಲುಗಳನ್ನು ಜೋಡಿಸಿದ ಉದ್ದುದ್ದ ಗೋಡೆಗಳು. ಗೋಡೆ ನಮ್ಮ ಬಲಕ್ಕೆ ಇರುವ ಹಾಗೆ ನಡೆಯಬೇಕು, ನಾವು ದೇವಸ್ಥಾನದಲ್ಲಿ ಪ್ರದಕ್ಷಿಣೆ ಹಾಕುವ ಹಾಗೆಯೇ. ನಾನು ಅವಸರದಲ್ಲಿ ಬೇರೆ ಕಡೆಯಿಂದ ಹೋದಾಗ ದಾಯಿ ವಾಪಸ್ ಕರೆದರು. ಬೈಯಲಿಲ್ಲ. ಹತ್ತು ಹೆಜ್ಜೆ ಹಿಂದೆ ಬಂದು ಸರಿಯಾದ ಕಡೆಯಿಂದ ಹೋಗುವವರೆಗೆ ನಿಂತಿದ್ದರು.

"ಬಿಸ್ತಾರೈ, ಬಿಸ್ತಾರೈ" ಅನ್ನುತ್ತಿದ್ದರು ದಿನಕ್ಕೆ ನೂರು ಸಲ. ನಿಧಾನ, ನಿಧಾನ.

ಲಾಂಗ್‌ಟಾಂಗ್ ಊರು 3,430 ಮೀಟರ್ ಎತ್ತರದಲ್ಲಿದೆ. ಅದಕ್ಕೆ ಮುಂಚೆ ಒಂದು ದೊಡ್ಡ ಕಲ್ಲು ಬಯಲು ದಾಟಬೇಕು. ಬೂದು ಬಣ್ಣದ ಕಲ್ಲು, ಮಣ್ಣು, ಮತ್ತೆ ಕಲ್ಲು. ನಾನು ಯಾವುದೋ ಹಳೇ ಹಿಮನದಿಯ ದಾರಿ ಇರಬೇಕು ಅಂದುಕೊಂಡು ಫೋನ್ ತೆಗೆದು ಫೋಟೋಗೆ ನಿಂತೆ. ದಾಯಿ ಬಂದು ಪಕ್ಕದಲ್ಲಿ ನಿಂತರು. "ಇದು ಊರು" ಅಂದರು. "ಹಳೇ ಲಾಂಗ್‌ಟಾಂಗ್. ಇದರ ಕೆಳಗಿದೆ."

2015ರ ಏಪ್ರಿಲ್ 25, ಶನಿವಾರ. ಬೆಳಿಗ್ಗೆ 11:56ಕ್ಕೆ 7.8 ತೀವ್ರತೆಯ ಭೂಕಂಪ ಆಯಿತು. ಊರಿನ ಮೇಲಿರುವುದು ಲಾಂಗ್‌ಟಾಂಗ್ ಲಿರುಂಗ್, 7,200 ಮೀಟರ್ ದಾಟಿದ ಬೆಟ್ಟ. ಅದರ ಇಳಿಜಾರಿನಿಂದ ಮಂಜುಗಡ್ಡೆ ಮತ್ತು ಬಂಡೆ ಒಟ್ಟಿಗೆ ಕಳಚಿ ನೇರ ಊರಿನ ಮೇಲೆ ಬಿತ್ತು. ಅದರ ಮುಂದೆ ನುಗ್ಗಿದ ಗಾಳಿಗೇ ಹೊಳೆಯಾಚೆ ಗುಡ್ಡದ ಮರಗಳು ಸಾಲಾಗಿ ಮಲಗಿಬಿಟ್ಟವು. ಊರಿನವರು, ಗೈಡ್‌ಗಳು, ಪೋರ್ಟರ್‌ಗಳು, ವಿದೇಶಿ ಚಾರಣಿಗರು ಸೇರಿ ಇನ್ನೂರಕ್ಕೂ ಹೆಚ್ಚು ಜನ ಹೋದರು. ಕೆಲವರ ದೇಹವೂ ಸಿಗಲಿಲ್ಲ. ಬಂಡೆಯ ಚಾಚಿನ ಕೆಳಗೆ ಗೋಡೆಗೆ ಅಂಟಿಕೊಂಡ ಹಾಗೆ ಕಟ್ಟಿದ್ದ ಒಂದೇ ಒಂದು ಮನೆ ಉಳಿಯಿತು. ಅದು ಈಗಲೂ ಅಲ್ಲಿದೆ, ದಾರಿಯಿಂದ ಕಾಣುತ್ತದೆ.

ದಾಯಿ ಅವತ್ತು ಒಂದು ಗುಂಪನ್ನು ವಾಪಸ್ ಕರೆದುಕೊಂಡು ಸ್ಯಾಬ್ರುಬೆಸಿಗೆ ಇಳಿದಿದ್ದರಂತೆ. ಎರಡು ರಾತ್ರಿ ಮುಂಚೆ ಇದೇ ಊರಲ್ಲಿ ಮಲಗಿದ್ದರು. ಅವರು ಯಾವಾಗಲೂ ಉಳಿಯುತ್ತಿದ್ದ ಮನೆ ಎಲ್ಲಿತ್ತು ಅಂತ ಕೋಲಿನಲ್ಲಿ ತೋರಿಸಿದರು. "ಅಲ್ಲಿ ಅಡುಗೆಮನೆ. ಪಕ್ಕದಲ್ಲಿ ಅಂಗಡಿ. ಆ ದೊಡ್ಡ ಕಲ್ಲಿದೆಯಲ್ಲ, ಅಲ್ಲಿ ಮಕ್ಕಳು ಆಡುತ್ತಿದ್ದರು." ನಾನು ನೋಡಿದೆ, ಬರೀ ಕಲ್ಲು. ಅವರಿಗೆ ಮಾತ್ರ ಬೀದಿ, ಬಾಗಿಲು ಎಲ್ಲವೂ ಕಾಣುತ್ತಿದ್ದವು. ಫೋನ್ ಒಳಗೆ ಇಟ್ಟೆ.

ಈಗಿನ ಊರನ್ನು ಸ್ವಲ್ಪ ಮುಂದೆ ಕಟ್ಟಿಕೊಂಡಿದ್ದಾರೆ. ಹೊಸ ತಗಡು, ಹೊಸ ಲಾಡ್ಜ್‌ಗಳು. ತೀರಿಹೋದವರ ಹೆಸರು ಕೆತ್ತಿದ ಸ್ಮಾರಕ ಒಂದಿದೆ. ಆ ಸಂಜೆ ದಾಯಿ ಅದರ ಮುಂದೆ ನಿಂತು ಒಂದೊಂದೇ ಹೆಸರು ಓದುತ್ತಾ ಹೋದರು. ಆಮೇಲೆ ಚಹಾ ಕುಡಿಯುವಾಗ ನಾನು ಕೇಳಿದೆ, ಪ್ರತಿ ಮನೆಯಲ್ಲೂ ನಿಂತು ಏನು ಮಾತಾಡುತ್ತೀರಿ ಅಂತ. ಅವರಿಗೆ ಪ್ರಶ್ನೆಯೇ ವಿಚಿತ್ರ ಅನ್ನಿಸಿತೋ ಏನೋ. "ಹೇಗಿದ್ದೀರಿ ಅಂತ ಕೇಳುತ್ತೇನೆ" ಅಂದರು. ಭೂಕಂಪದ ನಂತರ ಹಲವು ದಿನ ಯಾರು ಬದುಕಿದ್ದಾರೆ, ಯಾರು ಇಲ್ಲ ಅನ್ನುವುದೇ ಗೊತ್ತಿರಲಿಲ್ಲವಂತೆ. ಬದುಕಿದವರನ್ನು ಹೆಲಿಕಾಪ್ಟರ್‌ನಲ್ಲಿ ಕಾಠ್ಮಂಡುವಿಗೆ ಸಾಗಿಸಿದ್ದರು, ಅಲ್ಲಿ ಟೆಂಟ್‌ಗಳಲ್ಲಿ ಇದ್ದರು. ಅಲ್ಲಿಗೆ ಹೋಗಿ ದಾಯಿ ಮುಖ ಹುಡುಕಿದ್ದರು. ಆವತ್ತಿನಿಂದ ಯಾರ ಮನೆ ದಾಟುವಾಗಲೂ ಸುಮ್ನೆ ದಾಟಲು ಆಗುವುದಿಲ್ಲ ಅಂದರು.

ಆ ರಾತ್ರಿ ನನಗೆ ತಲೆನೋವು ಶುರುವಾಗಿತ್ತು. ಯಾರಿಗೂ ಹೇಳಲಿಲ್ಲ. ಹೇಳಿದರೆ ನಿಲ್ಲಿಸಿಬಿಡುತ್ತಾರೆ ಅಂತ ಭಯ. ಇದನ್ನು ಓದಿ ಯಾರಾದರೂ ಎತ್ತರದ ಚಾರಣಕ್ಕೆ ಹೊರಟಿದ್ದರೆ ದಯವಿಟ್ಟು ನಾನು ಮಾಡಿದ ಹಾಗೆ ಮಾಡಬೇಡಿ. ಮೇಲಿನ ಗಾಳಿಯಲ್ಲೂ ಆಮ್ಲಜನಕದ ಪಾಲು ಕೆಳಗಿನಷ್ಟೇ ಇರುತ್ತದೆ, ಆದರೆ ಒತ್ತಡ ಕಡಿಮೆ, ಹಾಗಾಗಿ ಒಂದೊಂದು ಉಸಿರಿಗೂ ಸಿಗುವುದು ಕಡಿಮೆ. 3,900 ಮೀಟರ್ ಹತ್ತಿರ ಬಂದರೆ ಸಮುದ್ರ ಮಟ್ಟದ ಮೂರರಲ್ಲಿ ಎರಡು ಪಾಲೂ ಸಿಗುವುದಿಲ್ಲ. ಮೈ ಅದಕ್ಕೆ ಹೊಂದಿಕೊಳ್ಳುತ್ತದೆ, ಆದರೆ ದಿನಗಳು ಬೇಕು. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರ್‌ಗಿಂತ ಜಾಸ್ತಿ ಏರಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ಅಲ್ಲೇ ಉಳಿಯಬೇಕು ಅನ್ನುತ್ತಾರೆ. ತಲೆನೋವು, ವಾಕರಿಕೆ, ಊಟ ಸೇರದಿರುವುದು, ತಲೆ ಸುತ್ತುವುದು, ಇವೆಲ್ಲ ಮೊದಲ ಸೂಚನೆ. ನಡಿಗೆ ಓಲಾಡಿದರೆ, ಮಾತು ತಡವರಿಸಿದರೆ, ಸುಮ್ಮನೆ ಕೂತಾಗಲೂ ಏದುಸಿರು ಬಂದರೆ ರಾತ್ರಿಯೋ ಹಗಲೋ ನೋಡದೆ ಕೆಳಗೆ ಇಳಿಯಲೇಬೇಕು. ಮೆದುಳಿನಲ್ಲೋ ಶ್ವಾಸಕೋಶದಲ್ಲೋ ನೀರು ತುಂಬಿಕೊಂಡರೆ ಜೀವಕ್ಕೇ ಅಪಾಯ. ಈ ಎತ್ತರದ ತೊಂದರೆ ಬರದಿರಲಿ ಅಂತ ಡಯಾಮಾಕ್ಸ್ ಮಾತ್ರೆ ತೆಗೆದುಕೊಳ್ಳುವವರು ಹೊರಡುವ ಮುಂಚೆಯೇ ಡಾಕ್ಟರ್ ಹತ್ತಿರ ಕೇಳಿಕೊಳ್ಳಿ.

ದಾಯಿಗೆ ನಾನು ಹೇಳಬೇಕಾಗಿಯೂ ಬರಲಿಲ್ಲ. ಬೆಳಿಗ್ಗೆ ನನ್ನ ತಟ್ಟೆ ನೋಡಿದರು. ಹಿಂದಿನ ದಿನವೆಲ್ಲ ದಾಲ್ ಭಾತ್ ಎರಡು ಸಲ ಹಾಕಿಸಿಕೊಂಡು ತಿಂದಿದ್ದ ಮನುಷ್ಯ ರೊಟ್ಟಿ ಮುರಿದು ಮುರಿದು ಇಟ್ಟಿದ್ದೆ. "ಇವತ್ತು ಇಲ್ಲೇ" ಅಂದರು. ಗೆಳೆಯರ ಒಂದು ದಿನವೂ ನನ್ನಿಂದ ಹೋಯಿತು ಅಂತ ಕಣ್ಣಲ್ಲಿ ನೀರು ಬಂತು, ಆದರೆ ಅವರಿಬ್ಬರೂ ಒಂದು ಮಾತು ಆಡಲಿಲ್ಲ.

ಆ ಒಂದು ದಿನ ನಮಗೆ ಒಲೆಯ ಪಕ್ಕದಲ್ಲಿ ಕಳೆಯಿತು. ಮನೆಯ ದೀದಿ ತ್ಸಾಂಪಾ ಕೊಟ್ಟರು. ಬಾರ್ಲಿ ಹುರಿದು ಬೀಸಿದ ಹಿಟ್ಟು. ವಾಸನೆ ಥೇಟ್ ನಮ್ಮ ಹುರಿಹಿಟ್ಟು. ಅವರು ಬೆಲ್ಲದ ಬದಲು ಉಪ್ಪು ಬೆಣ್ಣೆ ಹಾಕಿದ ಚಹಾದಲ್ಲಿ ಕಲಸಿ ಉಂಡೆ ಮಾಡುತ್ತಾರೆ. ಆ ಚಹಾ ಮೊದಲ ಗುಟುಕಿಗೆ ಸಾರಿನ ಹಾಗೆ ಅನ್ನಿಸಿತು, ಮೂರನೇ ಲೋಟಕ್ಕೆ ಹಿಡಿಸಿತು. ಅಷ್ಟು ಎತ್ತರದಲ್ಲಿ ನೀರು 90 ಡಿಗ್ರಿ ಮುಟ್ಟುವ ಮುಂಚೆಯೇ ಕುದಿಯುತ್ತದೆ, ಬೇಳೆ ಹಾಗೇ ಇಟ್ಟರೆ ಬೇಯುವುದೇ ಇಲ್ಲ, ಅದಕ್ಕೇ ಪ್ರತಿ ಅಡುಗೆಮನೆಯಲ್ಲೂ ಕುಕ್ಕರ್ ಸೀಟಿ. ದೀದಿಯ ಮಗಳು ಕಾಠ್ಮಂಡುವಿನಲ್ಲಿ ಹಾಸ್ಟೆಲ್‌ನಲ್ಲಿದ್ದು ಓದುತ್ತಿದ್ದಾಳೆ. ದಾಯಿ ತಮ್ಮ ಬ್ಯಾಗಿನಿಂದ ಒಂದು ಔಷಧಿ ಪೊಟ್ಟಣ ತೆಗೆದು ದೀದಿಯ ಅತ್ತೆಗೆ ಕೊಟ್ಟರು, ಯಾವ ಮಾತ್ರೆ ಬೆಳಿಗ್ಗೆ, ಯಾವುದು ರಾತ್ರಿ ಅಂತ ಎರಡೆರಡು ಸಲ ವಿವರಿಸಿದರು. ಆಗ ಗಮನಿಸಿದೆ, ಅವರ ಹತ್ತಿರ ಒಂದು ಸಣ್ಣ ನೋಟ್‌ಬುಕ್ ಇತ್ತು. ದಾರಿಯುದ್ದಕ್ಕೂ ನಿಂತಲ್ಲೆಲ್ಲ ಅದರಲ್ಲೇ ಏನೋ ಗೀಚಿಕೊಳ್ಳುತ್ತಿದ್ದರು.

ಮಾರನೇ ದಿನ ತಲೆ ಹಗುರಾಗಿತ್ತು. ಮುಂಡು ಊರು ದಾಟಿ ಕ್ಯಾಂಜಿನ್ ಗೊಂಪಾ ಸೇರಿದೆವು, 3,870 ಮೀಟರ್. ಸುತ್ತಲೂ ಹಿಮದ ಬೆಟ್ಟ. ಇಲ್ಲಿ ಒಂದು ಚೀಸ್ ಕಾರ್ಖಾನೆ ಇದೆ, 1950ರ ದಶಕದಲ್ಲಿ ಸ್ವಿಟ್ಜರ್ಲೆಂಡ್ ತಜ್ಞರ ನೆರವಿನಿಂದ ಶುರುವಾದದ್ದು. ಯಾಕ್ ಹಾಲಿನ ಚೀಸ್ ಅಂತ ನಾನು ಅಂದೆ. ಅಲ್ಲಿದ್ದವರು ತಿದ್ದಿದರು: ಯಾಕ್ ಅಂದರೆ ಗಂಡು, ಹೆಣ್ಣಿಗೆ ನಾಕ್, ಹಸುವಿನ ಜೊತೆ ಬೆರೆತ ತಳಿಗೆ ಚೌರಿ. ಹಾಲು ಕೊಡುವುದು ನಾಕ್ ಮತ್ತು ಚೌರಿ.

ಕ್ಯಾಂಜಿನ್ ರಿ ಅನ್ನುವ ಶಿಖರ 4,773 ಮೀಟರ್, ಊರಿನ ಹಿಂದೆಯೇ ನಿಂತಿದೆ. ಬೆಳಗಿನ ಜಾವ ಹತ್ತಲು ಶುರು ಮಾಡಿದೆವು. 4,300ರ ಹತ್ತಿರ ಮೊದಲ ದಿಬ್ಬ, ಬಣ್ಣ ಬಣ್ಣದ ಪ್ರಾರ್ಥನಾ ಧ್ವಜಗಳು. ಕೆಳಗೆ ಊರು ಬೆಂಕಿಪೊಟ್ಟಣಗಳನ್ನು ಜೋಡಿಸಿಟ್ಟ ಹಾಗೆ, ಪಕ್ಕದಲ್ಲಿ ಲಿರುಂಗ್‌ನಿಂದ ಇಳಿದ ಹಿಮನದಿ. ಅಲ್ಲಿಗೆ ಗಾಳಿ ಎದ್ದಿತು, ಮೋಡ ಬಂತು, ನನ್ನ ತಲೆ ಮತ್ತೆ ಬಿಗಿಯಾಯಿತು. ಈ ಸಲ ನಾನೇ ಹೇಳಿದೆ. ದಾಯಿ ಸರಿ ಅಂದರು, ಎಲ್ಲರೂ ಇಳಿದೆವು. ತುದಿ ನೋಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಕಿಟಕಿಯಾಚೆ ಆಲಿಕಲ್ಲು ಸುರಿಯುತ್ತಿತ್ತು.

ಇಳಿಯುವಾಗ ಮತ್ತೆ ಅದೇ ಮನೆಗಳು, ಅದೇ ನಿಲ್ಲುವುದು. ಈಗ ನಾನೂ ಅಂಗಳದ ಕಲ್ಲಿನ ಮೇಲೆ ಕೂರುತ್ತಿದ್ದೆ, ಗೊತ್ತಿದ್ದ ನಾಲ್ಕು ನೇಪಾಳಿ ಪದ ಆಡುತ್ತಿದ್ದೆ. ದಾಯಿ ನೋಟ್‌ಬುಕ್ ತೆಗೆದು ಒಂದೊಂದೇ ಹೆಸರಿಗೆ ಗೆರೆ ಎಳೆಯುತ್ತಿದ್ದರು, ಪ್ರತಿ ಮನೆಯಿಂದಲೂ ಒಂದು ಗಂಟು ಅವರ ಬ್ಯಾಗಿಗೆ ಸೇರುತ್ತಿತ್ತು. ಛುರ್ಪಿ ಅನ್ನುವ ಒಣ ಚೀಸ್, ತ್ಸಾಂಪಾ, ಉಣ್ಣೆಯ ಕಾಲುಚೀಲ, ಒಂದು ಬಾಟಲಿ ಸೀಬಕ್‌ಥಾರ್ನ್ ಹಣ್ಣಿನ ರಸ. ಲಾಂಗ್‌ಟಾಂಗ್‌ನ ದೀದಿ ಕೊಟ್ಟ ಗಂಟು ದೊಡ್ಡದಿತ್ತು. ನನ್ನ ಬ್ಯಾಗಿನಲ್ಲಿ ಜಾಗ ಇದೆ ಅಂದೆ. ಅವರು ಒಂದು ಕ್ಷಣ ನನ್ನ ಮುಖ ನೋಡಿ ಕೊಟ್ಟರು. ಎರಡು ದಿನ ಅದನ್ನು ನಾನು ಹೊತ್ತೆ.

ಮಾಛಾಪೋಖರಿಯಲ್ಲಿ ಜೀಪ್ ನಿಂತಾಗ ಕತ್ತಲಾಗಿತ್ತು. ದೂಳು, ಹಾರ್ನ್, ಬಸ್ಸಿನ ಕೂಗು. ನಾಲ್ಕೈದು ಹುಡುಗ ಹುಡುಗಿಯರು ಕಾಯುತ್ತಾ ನಿಂತಿದ್ದರು, ಒಬ್ಬಳು ಇನ್ನೂ ಶಾಲೆಯ ಸ್ವೆಟರ್‌ನಲ್ಲೇ ಇದ್ದಳು. ದಾಯಿ ನೋಟ್‌ಬುಕ್ ನೋಡಿ ಹೆಸರು ಕೂಗಿದರು. ಸ್ವೆಟರ್ ಹುಡುಗಿ ಮುಂದೆ ಬಂದಳು, ನಾನು ಬ್ಯಾಗ್ ಬಿಚ್ಚಿ ಗಂಟು ಕೊಟ್ಟೆ. ಅವಳು ಬೀದಿ ದೀಪದ ಕೆಳಗೆ ಹೋಗಿ ಗಂಟಿನ ಬಾಯಿ ಸ್ವಲ್ಪ ಸಡಿಲಿಸಿ, ಮುಖ ಹತ್ತಿರ ತಂದು ಮೂಸಿ ನೋಡಿದಳು. ಆಮೇಲೆ ದಾಯಿಯನ್ನು ಕೇಳಿದಳು. ಅವರು ಹಿಂದಿಯಲ್ಲಿ ನಮಗೂ ಹೇಳಿದರು: ಅಮ್ಮ ಹೇಗಿದ್ದಾಳೆ ಅಂತ ಕೇಳುತ್ತಿದ್ದಾಳೆ, ನೀವೇ ಹೇಳಿ, ನೀವೂ ನೋಡಿದ್ದೀರಲ್ಲ.