ಕ್ಯಾಟಲಾಗ್‌ನಲ್ಲಿ ಇಲ್ಲದ ಕುಂಬು

“ನೀವು ಬರೆದ ಆ ಎರಡು ಸಾಲಿನಿಂದ ಸಾವಿರ ಪೌಂಡ್ ಕೈಬಿಟ್ಟು ಹೋಯಿತು” ಅಂತ ಮ್ಯಾನೇಜರ್ ಎಲ್ಲರೆದುರೇ ಹೇಳಿದ್ದರು. ಹರಾಜಿಗೆ ಬಂದ ಹಳೆ ಕಾರೊಂದರ ಮರ ಕುಂಬಾಗಿದೆ, ಅಂದರೆ ಕೊಳೆತಿದೆ, ಅಂತ ನಾನು ಬರೆದ ಸಾಲುಗಳವು. ಹರಾಜು ಮುಗಿದು ಎಷ್ಟೋ ಕಾಲವಾಯಿತು, ಆ ಮಾತು ಮಾತ್ರ ಇನ್ನೂ ಚುಚ್ಚುತ್ತದೆ. ಆ ಸಾಲು ಯಾಕೆ ಬರೆದೆ ಅನ್ನುವುದನ್ನು ಬಿಡಿಸಿ ಹೇಳಿಬಿಡುತ್ತೇನೆ. ಹಳೆ ಕಾರು ಕೊಳ್ಳುವ ಆಸೆ ಇರುವವರಿಗೂ ಉಪಯೋಗವಾದೀತು.

ನಾನಿರುವುದು ಇಂಗ್ಲೆಂಡಿನಲ್ಲಿ, ಕ್ಲಾಸಿಕ್ ಕಾರುಗಳನ್ನು ಹರಾಜು ಹಾಕುವ ಸಂಸ್ಥೆಯೊಂದರಲ್ಲಿ. ಚೆಕ್-ಇನ್ ಮತ್ತು ಕಂಡಿಷನ್ ರಿಪೋರ್ಟ್ ನನ್ನ ಪಾಲಿನ ಕೆಲಸ. ಕಾರುಗಳನ್ನು ಹರಾಜಿಗೆ ಒಪ್ಪಿಸಿಕೊಳ್ಳುವ ಕನ್ಸೈನ್‌ಮೆಂಟ್‌ನವರು ಮಾಲೀಕರ ಮನೆಗೆ ಹೋಗಿ, ಎಸ್ಟಿಮೇಟ್ ಕೊಟ್ಟು, ಫೋಟೋ ತೆಗೆಸಿಕೊಂಡು ಬರುತ್ತಾರೆ. ಅವರ ಟಿಪ್ಪಣಿಯೇ ಕ್ಯಾಟಲಾಗ್ ಆಗುತ್ತದೆ. ಕಾರು ಹಾಲ್‌ಗೆ ಬಂದು, ನಾನು ಅದರಡಿ ಮಲಗಿ ಟಾರ್ಚ್ ಬಿಡುವ ಹೊತ್ತಿಗೆ ಕ್ಯಾಟಲಾಗ್ ಅಚ್ಚಾಗಿ ಜನರ ಕೈ ಸೇರಿರುತ್ತದೆ. ಈ ಕ್ರಮವೇ ತಲೆಕೆಳಗು ಅಂತ ಮೀಟಿಂಗ್‌ಗಳಲ್ಲಿ ಹೇಳಿ ಹೇಳಿ ಸಾಕಾಗಿದೆ.

ಆ ಸಲ ಬಂದದ್ದು 1967ರ ಮಾರಿಸ್ ಮೈನರ್ ಟ್ರಾವೆಲರ್, ಹಿಂಭಾಗಕ್ಕೆ ಮರದ ಚೌಕಟ್ಟಿರುವ ಬ್ರಿಟಿಷ್ ಕಾರು. ಆಲ್ಮಂಡ್ ಗ್ರೀನ್ ಬಣ್ಣ, 1098 ಸಿಸಿ ಎಂಜಿನ್, ಹೊಸದಾಗಿ ಕೊಂಡ ದಿನದಿಂದ ಒಂದೇ ಮನೆತನದ್ದು. ಫೈಲ್ ನೋಡಿದರೆ ಕಣ್ಣಿಗೆ ಹಬ್ಬ: ವಿ5ಸಿ ಎಂಬ ನೋಂದಣಿ ಪತ್ರ, ಹಳೆ ಲಾಗ್‌ಬುಕ್, ಗೇಡನ್‌ನ ಬ್ರಿಟಿಷ್ ಮೋಟಾರ್ ಮ್ಯೂಸಿಯಂ ಕೊಟ್ಟ ಹೆರಿಟೇಜ್ ಸರ್ಟಿಫಿಕೇಟ್, ದಪ್ಪ ಕಟ್ಟು ರಸೀದಿಗಳು. ಎಸ್ಟಿಮೇಟ್ 7,000ದಿಂದ 9,000 ಪೌಂಡ್, ರಿಸರ್ವ್, ಅಂದರೆ ಮಾಲೀಕರು ಒಪ್ಪಿದ ಕನಿಷ್ಠ ಬೆಲೆ, 6,500. ಕ್ಯಾಟಲಾಗ್‌ನಲ್ಲಿ ದಪ್ಪಕ್ಷರದ ಸಾಲು: “ಮರದ ಚೌಕಟ್ಟು ಅತ್ಯುತ್ತಮ ಸ್ಥಿತಿಯಲ್ಲಿದೆ.” ಅದಕ್ಕೆ ಆಧಾರ 1990ರ ದಶಕದ ಒಂದು ಬಡಗಿ ಬಿಲ್ಲು, ಜೊತೆಗೆ ಬಿಸಿಲಲ್ಲಿ ತೆಗೆದ ಫೋಟೋ.

ಮೈನರ್ ಬಗ್ಗೆ ನನಗೆ ಮೊದಲಿನಿಂದಲೂ ಮಮತೆ. ಅಲೆಕ್ ಇಸಿಗೋನಿಸ್ ರೂಪಿಸಿದ ಈ ಕಾರು 1948ರಲ್ಲಿ ಲಂಡನ್ನಿನ ಅರ್ಲ್ಸ್ ಕೋರ್ಟ್ ಪ್ರದರ್ಶನದಲ್ಲಿ ಹೊರಬಂತು. ಮಾದರಿ ಕಾರು ತಯಾರಾದ ಮೇಲೆ ಇಸಿಗೋನಿಸ್‌ಗೆ ಅಗಲ ಸಾಲದು ಅನಿಸಿ, ಅದನ್ನು ಉದ್ದಕ್ಕೆ ಸೀಳಿಸಿ ನಡುವೆ ನಾಲ್ಕು ಇಂಚು ಸೇರಿಸಿದರು. ಮೊದಮೊದಲ ಕಾರುಗಳ ಬಂಪರ್ ನಡುವಿನ ತೇಪೆ ಆ ನಾಲ್ಕು ಇಂಚಿನದೇ ಗುರುತು. ಯುದ್ಧ ಮುಗಿದು ಕೈ ಬಿಗಿಯಾಗಿದ್ದ ದೇಶದಲ್ಲಿ ಗಂಡ, ಹೆಂಡತಿ, ಮಕ್ಕಳು ಕೂತು ಹೋಗಬಹುದಾದ, ಸಂಬಳದಲ್ಲಿ ಸಾಕಬಹುದಾದ ಕಾರು. ಬ್ರಿಟನ್‌ನಲ್ಲಿ ಹತ್ತು ಲಕ್ಷ ದಾಟಿದ ಮೊದಲ ಮಾದರಿ ಇದೇ. ಆಕ್ಸ್‌ಫರ್ಡ್ ಪಕ್ಕದ ಕೌಲಿಯ ಅದೇ ಮಾರಿಸ್ ಕಂಪನಿಯ ಆಕ್ಸ್‌ಫರ್ಡ್ ಸೀರೀಸ್ 3 ನಮ್ಮಲ್ಲಿ ಅಂಬಾಸಿಡರ್ ಆಗಿ 2014ರವರೆಗೂ ತಯಾರಾಯಿತು. ಹಾಗಾಗಿ ಮಾರಿಸ್ ಬಾನೆಟ್ ಎತ್ತಿದಾಗ ನನಗೆ ಪರದೇಶದ ವಸ್ತು ಅನ್ನಿಸುವುದಿಲ್ಲ.

1953ರಲ್ಲಿ ಬಂದ ಟ್ರಾವೆಲರ್ ಇದರ ಎಸ್ಟೇಟ್ ರೂಪ. ಹಿಂದಿನ ಅರ್ಧದಲ್ಲಿ ಕಾಣುವ ಆಶ್ ಮರದ ಪಟ್ಟಿಗಳನ್ನು ಎಷ್ಟೋ ಜನ ಅಲಂಕಾರ ಅಂದುಕೊಳ್ಳುತ್ತಾರೆ. ಹಿಂಭಾಗದ ದೇಹ ನಿಂತಿರುವುದೇ ಆ ಮರದ ಮೇಲೆ. ಅಲ್ಯೂಮಿನಿಯಂ ಹಾಳೆಗಳು ನಡುವಿನ ಜಾಗ ಮುಚ್ಚುತ್ತವೆ, ಅಷ್ಟೆ. ಮರ ಕೊಳೆತಿದ್ದರೆ ಎಂಒಟಿಯಲ್ಲಿ, ಅಂದರೆ ವಾಹನಗಳ ವಾರ್ಷಿಕ ಸುರಕ್ಷತಾ ತಪಾಸಣೆಯಲ್ಲಿ, ಫೇಲ್ ಮಾಡುತ್ತಾರೆ. ಆದರೆ 2018ರ ಮೇ 20ರಿಂದ, ದೊಡ್ಡ ಮಾರ್ಪಾಡು ಆಗಿರದ ನಲವತ್ತು ವರ್ಷ ದಾಟಿದ ಕಾರುಗಳಿಗೆ ಎಂಒಟಿ ಕಡ್ಡಾಯವಿಲ್ಲ. ಈ ಕಾರಿನ ಆನ್‌ಲೈನ್ ಎಂಒಟಿ ಇತಿಹಾಸವೂ ಅಲ್ಲಿಗೇ ನಿಂತಿತ್ತು. ಅಂದರೆ ಆಮೇಲಿನ ವರ್ಷಗಳಲ್ಲಿ ಹೊರಗಿನವರು ಯಾರೂ ಇದರ ಅಡಿ ನೋಡಿದ ದಾಖಲೆ ಇಲ್ಲ. ಹರಾಜಿನಲ್ಲಿ ‘ಕಂಡಂತೆ ಮಾರಾಟ’ ಬೇರೆ. ಕೊಳ್ಳುವವನಿಗೆ ಆಸರೆ ಅಂತ ಉಳಿಯುವುದು ನಮ್ಮ ರಿಪೋರ್ಟ್ ಒಂದೇ.

ಕೊಳ್ಳುವವರು ಬಂದು ಕಾರು ನೋಡುವ ವ್ಯೂಯಿಂಗ್‌ನ ಹಿಂದಿನ ಸಂಜೆ ಕಾರಿನಡಿ ಮಲಗಿದೆ. ಚಾಸಿ ಲೆಗ್ಸ್, ಅಂದರೆ ಅಡಿಯ ಉಕ್ಕಿನ ತೊಲೆಗಳು, ಚೆನ್ನಾಗಿದ್ದವು. ಹಿಂದಿನ ಸ್ಪ್ರಿಂಗ್ ಹ್ಯಾಂಗರ್ ಹತ್ತಿರ ಹಳೆ ವೆಲ್ಡಿಂಗ್, ಆದರೆ ಅಚ್ಚುಕಟ್ಟು. ಮುಂದಿನ ಚಕ್ರಗಳ ಕೀಲುಗಳಾದ ಟ್ರನಿಯನ್‌ಗಳಿಗೆ ಗ್ರೀಸ್ ಬಿದ್ದಿತ್ತು. ಅದನ್ನು ಮರೆತವರ ಮೈನರ್‌ನಲ್ಲಿ ಮುಂದಿನ ಚಕ್ರ ಮಡಚಿಕೊಂಡು ಕಾರು ರಸ್ತೆಯಲ್ಲೇ ಕೂರುತ್ತದೆ. ಇಷ್ಟೆಲ್ಲ ನೋಡಿ ಸಮಾಧಾನದಿಂದ ಎದ್ದು ಮರದ ಕಡೆ ಬಂದೆ. ಹೊಸ ವಾರ್ನಿಶ್ ಹೊಳೆಯುತ್ತಿತ್ತು.

ನನ್ನ ಅಪ್ಪ ಸಾಗರದಲ್ಲಿ ಬಡಗಿ. ಮರವನ್ನು ಮೊದಲು ಕಿವಿಯಿಂದ ನೋಡು ಅಂತ ಕಲಿಸಿದ್ದರು. ಬೆರಳ ಗೆಣ್ಣಿನಿಂದ ತಟ್ಟುತ್ತಾ ಬಂದೆ. ಬಲಗಡೆ ಪೂರ್ತಿ ಗಟ್ಟಿ ಸದ್ದು. ಎಡಗಡೆ ಮೇಲಿನ ರೈಲೂ, ಅಂದರೆ ಮರದ ಅಡ್ಡಪಟ್ಟಿಯೂ, ಗಟ್ಟಿ. ಪಕ್ಕದ ಜಾರುಗಾಜು ಓಡುವ ತೋಡಿನಲ್ಲಿ ಪಾಚಿ ಕಟ್ಟಿತ್ತು. ಅದನ್ನು ಕಂಡ ಕೂಡಲೇ ಕೈ ತಾನಾಗಿ ಕೆಳಗೆ ಹೋಯಿತು, ಯಾಕೆಂದರೆ ಆ ತೋಡಿನಲ್ಲಿ ನಿಂತ ನೀರು ಇಳಿದು ಬರುವುದು ಕೆಳಗಿನ ರೈಲಿಗೆ. ಹಿಂದಿನ ಚಕ್ರದ ಕಮಾನಿನ ಹತ್ತಿರ ಸದ್ದು ಸತ್ತುಹೋಯಿತು. ಹೆಬ್ಬೆರಳಿಟ್ಟು ಮೆಲ್ಲಗೆ ಒತ್ತಿದರೆ ವಾರ್ನಿಶ್ ಸುಕ್ಕಾಗಿ ಒಳಗಿಳಿಯಿತು. ಅಡಿಯಲ್ಲಿ ಪುಟ್ಟಿ, ಪುಟ್ಟಿಯ ಹಿಂದೆ ಕುಂಬು. ಬೇರೆಯವರ ಕಾರು, ಚುಚ್ಚಿ ನೋಡುವ ಹಕ್ಕು ನನಗಿಲ್ಲ. ಒತ್ತಿದಷ್ಟನ್ನೇ ಬರೆದುಕೊಂಡೆ: ಎಲ್ಲಿ, ಎಷ್ಟು ಉದ್ದ, ಎಷ್ಟು ಆಳ, ಎಲ್ಲಿಂದಾಚೆ ಗಟ್ಟಿ.

ಮ್ಯಾನೇಜರ್‌ಗೆ ತೋರಿಸಿದೆ. “ಕೇಳಿದವರಿಗೆ ಮಾತ್ರ ಹೇಳಿ” ಅಂದರು. ಅಚ್ಚಾದ ಕ್ಯಾಟಲಾಗ್‌ನಲ್ಲಿ ‘ಅತ್ಯುತ್ತಮ’ ಅಂತ ನಾವೇ ಹೇಳಿರುವಾಗ ಅದು ಆಗುವ ಮಾತಲ್ಲ ಅಂದೆ. ಕ್ಯಾಟಲಾಗ್ ತಿದ್ದುವ ಸೇಲ್‌ರೂಮ್ ನೋಟಿಸ್ ಹಾಕಬೇಕು, ಮೊದಲೇ ಬಿಡ್ ಬರೆಸಿಟ್ಟವರೆಲ್ಲರಿಗೂ ಕಳಿಸಬೇಕು. ಕೊನೆಗೆ, ಮಾಲೀಕರು ಒಪ್ಪಿದರೆ ಮಾತ್ರ ಅಂತ ಜವಾಬ್ದಾರಿ ನನ್ನ ಮೇಲೆ ಹಾಕಿ ಮನೆಗೆ ಹೋದರು.

ಆ ಫೋನ್ ಕರೆಗೆ ಮೊದಲಿನ ಹೊತ್ತು ನನಗೆ ಹರಾಜಿಗಿಂತ ಕಷ್ಟವಾಯಿತು. ತೀರಿಕೊಂಡ ತಂದೆಯ ಕಾರನ್ನು ಮಗ ಮಾರುತ್ತಿದ್ದರು. ಆ ಕಾರಿನಲ್ಲೇ ಶಾಲೆಗೆ ಹೋದವರು, ಆ ಕಾರಿನಲ್ಲೇ ಸಮುದ್ರದ ದಡಕ್ಕೆ ಹೋಗಿ ಹಿಂಬಾಗಿಲು ತೆರೆದು ಊಟ ಮಾಡಿದವರು. ರಸೀದಿಗಳನ್ನು ದಿನಾಂಕದ ಪ್ರಕಾರ ಜೋಡಿಸಿ ಕೊಟ್ಟವರು. ಅವರಿಗೆ ಮರ ಕೊಳೆತಿದೆ ಅಂತ ಹೇಗೆ ಹೇಳಲಿ? ಅಪ್ಪನ ಮಾತನ್ನೇ ಅನುಮಾನಿಸಿದಂತೆ ನೊಂದುಕೊಳ್ಳುತ್ತಾರೆ, ಬೆಳಗ್ಗೆಯೇ ಟ್ರೈಲರ್ ತಂದು ಕಾರು ಒಯ್ಯುತ್ತಾರೆ ಅಂತ ನನ್ನ ಲೆಕ್ಕ. ಹೇಳಬೇಕಾದ್ದನ್ನು ಚೀಟಿಯಲ್ಲಿ ಬರೆದುಕೊಂಡು, ಹೊಡೆದುಹಾಕಿ, ಮತ್ತೆ ಬರೆದು ಕೊನೆಗೂ ನಂಬರ್ ಒತ್ತಿದೆ.

“ಎಡಗಡೆ ಕೆಳಗೆ ತಾನೇ?” ಅಂದರು ಅವರು, ನಾನು ಮಾತು ಮುಗಿಸುವ ಮೊದಲೇ. “ಪ್ರತಿವರ್ಷ ಚಳಿಗಾಲಕ್ಕೆ ಮುಂಚೆ ಅಪ್ಪ ಅಲ್ಲಿ ಪುಟ್ಟಿ ತುಂಬುತ್ತಿದ್ದರು. ನಿಮ್ಮವರು ಮನೆಗೆ ಬಂದಾಗಲೇ ತೋರಿಸಿದ್ದೆನಲ್ಲ.”

ಕೇಳಿ ಒಂದು ಗಳಿಗೆ ಮಾತೇ ಹೊರಡಲಿಲ್ಲ. ನೊಂದುಕೊಳ್ಳುತ್ತಾರೆ ಅಂತ ಹೆದರಿದ್ದು ಯಾರ ಬಗ್ಗೆಯೋ ಅವರಿಗೆ ಎಲ್ಲ ಗೊತ್ತಿತ್ತು, ಅವರು ಹೇಳಿಯೂ ಇದ್ದರು. ಮಾತು ಕಳೆದುಹೋದದ್ದು ನಮ್ಮ ಸಂಸ್ಥೆಯೊಳಗೆ. ನೋಟಿಸ್ ಹಾಕಲು ತಕ್ಷಣ ಒಪ್ಪಿದರು, ರಿಸರ್ವ್ ಮಾತ್ರ ಇಳಿಸಲಿಲ್ಲ.

ನೋಟಿಸ್ ಹೋದ ಬೆಳಗ್ಗೆಯೇ ಹರಾಜಿಗೆ ಬರಲಾಗದವರೊಬ್ಬರು ಪುಸ್ತಕದಲ್ಲಿ ಬರೆಸಿಟ್ಟಿದ್ದ 7,400ರ ಕಮಿಷನ್ ಬಿಡ್ ವಾಪಸಾಯಿತು. ಮ್ಯಾನೇಜರ್ ಹೇಳಿದ ಸಾವಿರ ಪೌಂಡ್ ಲೆಕ್ಕ ಅದರದು.

ಹರಾಜಿನಲ್ಲಿ ಆ ಲಾಟ್‌ಗೆ, ಅಂದರೆ ಆ ಕಾರಿನ ಸರದಿಗೆ, ಫೋನಿನಲ್ಲಿ ಬಿಡ್ ಹಾಕುವವರ ಜೊತೆ ಮಾತಾಡಲು ನನ್ನನ್ನೇ ಕೂರಿಸಿದ್ದರು. ಆ ಕಡೆ ಇದ್ದವರು ಕ್ಯಾಟಲಾಗ್ ಮಾತ್ರ ಓದಿದ್ದರು, ಇಮೇಲ್ ನೋಡಿರಲಿಲ್ಲ. ಹಿಂದಿನ ಲಾಟ್‌ನ ಕೂಗು ನಡೆಯುತ್ತಿರುವಾಗಲೇ ನೋಟಿಸ್ ಓದಿ ಹೇಳಿದೆ. ಅವರು ಸುಮ್ಮನಾದರು. ರಾಸ್ಟ್ರಮ್ ಮೇಲೆ ಹರಾಜುಗಾರರು ನಮ್ಮ ಲಾಟ್ ನಂಬರ್ ಕೂಗಿ ನೋಟಿಸ್ ಓದಿದರು. 4,000ದಿಂದ ಶುರು. ಹಾಲ್‌ನಲ್ಲಿ ಬಿಡ್‌ಗೆ ಎತ್ತುವ ನಂಬರ್ ಫಲಕ, ಅಂದರೆ ಪ್ಯಾಡಲ್, ಎರಡು; ಆನ್‌ಲೈನ್‌ನಲ್ಲಿ ಒಬ್ಬರು. 5,000, 5,200. ನನ್ನ ಫೋನ್ ಇನ್ನೂ ಮೌನ.

“ವೀಲ್ ಆರ್ಚ್ ತುಂಡಿಗೂ ಹರಡಿದೆಯಾ?” ಅಂತ ಕೇಳಿದರು.

“ಹಿಂದಿನ ತುದಿ ಮೆತ್ತಗಿದೆ. ಅಲ್ಲಿಂದ ಒಂದು ಗೇಣು ಮುಂದಕ್ಕೆ ಗಟ್ಟಿ.”

“ಮೇಲಿನ ರೈಲು?”

“ತಟ್ಟಿ ನೋಡಿದ್ದೇನೆ, ಎರಡೂ ಕಡೆ ಗಟ್ಟಿ.”

“ನೀವೇ ಮುಟ್ಟಿದಿರಾ, ಯಾರಾದರೂ ಹೇಳಿದ್ದಾ?”

“ನಾನೇ ಮುಟ್ಟಿದ್ದು.”

ಹಾಲ್‌ನಲ್ಲಿ 5,800. ಹರಾಜುಗಾರರು ಸುತ್ತಿಗೆ ಎತ್ತಿ ನನ್ನ ಕಡೆ ನೋಡಿದರು. “ಆರು ಸಾವಿರ ಹೇಳಿ” ಅಂದರು ಫೋನಿನವರು. ಹಾಲ್ 6,200 ಅಂದಿತು. ಇವರು 6,400. ಎದುರಿನ ಪ್ಯಾಡಲ್ ತಲೆ ಆಡಿಸಿ ಕೂತುಬಿಟ್ಟರು. ರಿಸರ್ವ್‌ಗೆ ನೂರು ಕಡಿಮೆ. ಹರಾಜುಗಾರರು ಪ್ರೊವಿಷನಲ್, ಅಂದರೆ ಮಾಲೀಕರ ಒಪ್ಪಿಗೆ ಬಾಕಿ, ಅಂತ ಬರೆಸಿಕೊಂಡು ಮುಂದಿನ ಲಾಟ್‌ಗೆ ಹೋದರು.

ಮಾಲೀಕರು ಹಾಲ್‌ನ ಹಿಂಭಾಗದಲ್ಲೇ ನಿಂತಿದ್ದರು. ಓಡಿಹೋಗಿ ಕೇಳಿದೆ. ಕೊಳ್ಳುವವರು ಮರದ ಬಗ್ಗೆ ಏನು ಕೇಳಿದರು ಅಂತ ವಿಚಾರಿಸಿದರು. ಹೇಳಿದೆ. “ಹಾಗಾದರೆ ಅವರು ಅದನ್ನು ಸರಿಮಾಡಿಸುತ್ತಾರೆ. ಕೊಟ್ಟುಬಿಡಿ” ಅಂದರು. ಮಾರಾಟ ಅಲ್ಲಿಗೆ ಮುಗಿಯಿತು.

ಮ್ಯಾನೇಜರ್ ಮಾತಿಗೆ ನನ್ನ ಉತ್ತರ ಇಷ್ಟೆ: 7,400 ಹಾಕಿದವರು ಕೊಳ್ಳಲು ಹೊರಟಿದ್ದು ನಮ್ಮ ಹತ್ತಿರ ಇಲ್ಲದ ಕಾರನ್ನು. ಅದರ ಮೇಲೆ ಹರಾಜು ಸಂಸ್ಥೆಯ ಶುಲ್ಕವಾದ ಪ್ರೀಮಿಯಂ, ಪ್ರೀಮಿಯಂ ಮೇಲೆ ವ್ಯಾಟ್ ಬೇರೆ ಕೊಟ್ಟು ಮನೆಗೆ ಒಯ್ದು, ಮೊದಲ ಮಳೆಯಲ್ಲಿ ಹೆಬ್ಬೆರಳು ಇಟ್ಟಾಗ ಏನಾಗುತ್ತಿತ್ತು? ಟ್ರಾವೆಲರ್ ಮರದ ಕೆಲಸ ಸಾವಿರಾರು ಪೌಂಡ್‌ದು. ಅದು ಗೊತ್ತಿದ್ದೇ ಹಣ ಕೊಡುವವನ ಕೈಗೆ ಕಾರು ಹೋಗಬೇಕು.

ಅಂದಿನಿಂದ ರಿಪೋರ್ಟ್‌ನಲ್ಲಿ ‘ಉತ್ತಮ’, ‘ಅತ್ಯುತ್ತಮ’ ಬರೆಯುವುದನ್ನು ಬಿಟ್ಟಿದ್ದೇನೆ. ಎಲ್ಲಿ ಮುಟ್ಟಿದೆ, ಏನು ಸಿಕ್ಕಿತು, ಎಲ್ಲಿ ಕೈ ಹೋಗಲಿಲ್ಲ, ಅಷ್ಟನ್ನೇ ಬರೆಯುತ್ತೇನೆ. ಮಾಲೀಕರಿಗೆ ಚೆಕ್-ಇನ್ ದಿನವೇ ಫೋನ್ ಮಾಡಿ “ನಿಮಗೆ ಗೊತ್ತಿರುವ ತೊಂದರೆ ಏನೇನು?” ಅಂತ ಕೇಳುತ್ತೇನೆ, ಹೆಚ್ಚಿನವರು ಸಂತೋಷದಿಂದ ಹೇಳುತ್ತಾರೆ. ಕನ್ಸೈನ್‌ಮೆಂಟ್‌ನ ಹುಡುಗನನ್ನು ದೂರಿ ಪ್ರಯೋಜನವಿಲ್ಲ. ಟ್ಯಾಬ್‌ನಲ್ಲಿರುವ ಫಾರಂನಲ್ಲಿ ಬಾಡಿ, ಎಂಜಿನ್, ಗೇರ್‌ಬಾಕ್ಸ್, ಸೀಟು, ಪೇಂಟ್ ಅಂತ ಖಾನೆಗಳಿವೆ, ಮರಕ್ಕೆ ಇಲ್ಲ. ಮಾಲೀಕರು ಹೇಳಿದ್ದನ್ನು ಬರೆಯಲು ಅವನಿಗೆ ಜಾಗವೇ ಇರಲಿಲ್ಲ. ಒಂದು ಖಾನೆ ಸೇರಿಸಿ ಅಂತ ಲಿಖಿತವಾಗಿ ಕೊಟ್ಟಿದ್ದೇನೆ. ಮುಂದಿನ ಅಪ್‌ಡೇಟ್‌ನಲ್ಲಿ ನೋಡೋಣ ಅಂದಿದ್ದಾರೆ. ಅಲ್ಲಿಯವರೆಗೆ ಟ್ರಾವೆಲರ್ ಬಂದಾಗಲೆಲ್ಲ ‘ಪೇಂಟ್’ ಖಾನೆಯಲ್ಲಿ ಮರದ ಬಗ್ಗೆ ಬರೆಯಿರಿ ಅಂತ ಹುಡುಗರಿಗೆ ಹೇಳಿಟ್ಟಿದ್ದೇನೆ.